ಬೇರೆ ಊರಿನ ರುಚಿ, ಮನೆಯ ಒಲೆ: ಅಡುಗೆ ಪುಸ್ತಕ ಓದುವ ಬಗೆ

ಪರದೇಶದಲ್ಲಿ ಉಂಡ ಊಟವನ್ನು ಮನೆಯಲ್ಲಿ ಮಾಡಿ ತೋರಿಸುವ ಪುಸ್ತಕ ಕೈಗೆ ಬಂದರೆ ಹೊಸಬರು ನೇರವಾಗಿ ಸಾಮಗ್ರಿಗಳ ಪಟ್ಟಿಗೆ ಹೋಗುತ್ತಾರೆ. ಪಟ್ಟಿ ಸ್ವಲ್ಪ ಕಾಯಲಿ. ಬರೆದವರು ಆ ಅಡುಗೆಯನ್ನು ಎಲ್ಲಿ ಉಂಡರು, ಯಾರ ಅಡುಗೆಮನೆಗಾಗಿ ಬರೆದರು ಎಂಬುದನ್ನು ಮೊದಲು ಹುಡುಕಬೇಕು. ಆ ಎರಡು ಊರುಗಳ ನಡುವಿನ ದೂರವನ್ನು ದಾಟಿದ ಜಾಣ್ಮೆಯೇ ಈ ಪುಸ್ತಕಗಳ ನಿಜವಾದ ಸ್ವಾರಸ್ಯ.

ಅಮೆರಿಕದ ಜೂಲಿಯಾ ಚೈಲ್ಡ್ 1948ರಲ್ಲಿ ಗಂಡನ ಸರ್ಕಾರಿ ಕೆಲಸದ ನಿಮಿತ್ತ ಫ್ರಾನ್ಸಿಗೆ ಬಂದಿಳಿದರು. ಪ್ಯಾರಿಸ್‌ಗೆ ಹೋಗುವ ದಾರಿಯಲ್ಲಿ, ರುವಾನ್ ಪಟ್ಟಣದಲ್ಲಿ, ಹಿಟ್ಟು ಸವರಿ ಬೆಣ್ಣೆಯಲ್ಲಿ ಹುರಿದ ಸೋಲ್ ಮೀನು ತಿಂದರು. ಅವರ ಬದುಕಿನ ದಿಕ್ಕು ತಿರುಗಿದ್ದು ಅಲ್ಲಿ. ಪ್ಯಾರಿಸ್‌ನ ಕಾರ್ಡೋ ಬ್ಲೂ ಶಾಲೆಯಲ್ಲಿ ಕಲಿತು, ಸಿಮೋನ್ ಬೆಕ್ ಮತ್ತು ಲೂಯಿಸೆಟ್ ಬರ್ತೋಲ್ ಜೊತೆ ಬರೆದ ‘ಮಾಸ್ಟರಿಂಗ್ ದಿ ಆರ್ಟ್ ಆಫ್ ಫ್ರೆಂಚ್ ಕುಕಿಂಗ್’ 1961ರಲ್ಲಿ ಹೊರಬಂತು. ಅದರಲ್ಲಿ ಕೆಂಪು ವೈನ್‌ನಲ್ಲಿ ಬೇಯಿಸುವ ದನದ ಮಾಂಸದ ಅಡುಗೆಯನ್ನು ಓದಿ ನೋಡಿ: ಅದಕ್ಕೆ ಹಾಕುವ ಬೇಕನ್ನನ್ನು (ಹದಮಾಡಿದ ಹಂದಿಮಾಂಸ) ಮೊದಲು ಬರಿ ನೀರಿನಲ್ಲಿ ಕುದಿಸಬೇಕು. ಅಮೆರಿಕದ ಅಂಗಡಿಗಳ ಬೇಕನ್ನಿಗೆ ಹೊಗೆಯ ವಾಸನೆ ಇರುತ್ತದೆ, ಅದು ಉಳಿದರೆ ಫ್ರಾನ್ಸಿನ ರುಚಿ ಕೆಡುತ್ತದೆ. ಮಾಂಸದ ತುಂಡುಗಳನ್ನು ಒರೆಸಿ ಒಣಗಿಸದಿದ್ದರೆ ಕೆಂಪಗಾಗುವುದಿಲ್ಲ ಎಂಬ ಎಚ್ಚರಿಕೆಯೂ ಇದೆ. ಇಂಥ ಸಣ್ಣ ಸಾಲುಗಳಿಗೆ ಗೆರೆ ಎಳೆದುಕೊಂಡು ಓದಬೇಕು. 1970ರ ಎರಡನೇ ಸಂಪುಟದ ಬ್ರೆಡ್ಡಿಗಾಗಿ ಚೈಲ್ಡ್ ದಂಪತಿ ಮನೆಯಲ್ಲಿ ಸುಮಾರು 284 ಪೌಂಡ್ ಹಿಟ್ಟು ಖರ್ಚು ಮಾಡಿದರು. ಬೇಕರಿಯ ಭಟ್ಟಿಯಲ್ಲಿ ಸಿಗುವ ಹಬೆ ಮನೆಯ ಓವನ್‌ನಲ್ಲಿ ಸಿಗಬೇಕಲ್ಲ!

ಇದೇ ಕಣ್ಣಿನಿಂದ ಎಲಿಜಬೆತ್ ಡೇವಿಡ್ ಅವರನ್ನು ಓದಿದರೆ ನಿರಾಶೆಯಾದೀತು. ಎರಡನೇ ಮಹಾಯುದ್ಧದ ಕಾಲವನ್ನು ಗ್ರೀಸ್, ಈಜಿಪ್ಟ್‌ಗಳಲ್ಲಿ ಕಳೆದು ಇಂಗ್ಲೆಂಡಿಗೆ ಮರಳಿದ ಆಕೆ ‘ಎ ಬುಕ್ ಆಫ್ ಮೆಡಿಟರೇನಿಯನ್ ಫುಡ್’ ಪ್ರಕಟಿಸಿದ್ದು 1950ರಲ್ಲಿ. ಆಗ ಅಲ್ಲಿ ಮಾಂಸ, ಬೆಣ್ಣೆ, ಸಕ್ಕರೆ ಎಲ್ಲಕ್ಕೂ ರೇಷನ್. ಆಲಿವ್ ಎಣ್ಣೆ ಔಷಧಿ ಅಂಗಡಿಯ ಪುಟ್ಟ ಸೀಸೆಗಳಲ್ಲಿ ಸಿಗುತ್ತಿತ್ತು. ರೇಷನ್ ಪೂರ್ತಿ ಮುಗಿದದ್ದು 1954ರಲ್ಲಿ. ಆಕೆಯ ವಿಧಾನಗಳು ಚುಟುಕು, ಅಳತೆಯೂ ಸಡಿಲ. ಹಸಿವೆ ಹುಟ್ಟಿಸುವುದೇ ಆ ಪುಸ್ತಕ ಮಾಡಿದ ದೊಡ್ಡ ಕೆಲಸ. ಅದನ್ನು ಒಲೆಯ ಪಕ್ಕ ಇಡುವುದಕ್ಕಿಂತ ಕುರ್ಚಿಯಲ್ಲಿ ಕೂತು ಓದುವುದು ಮೇಲು.

ಕ್ಲಾಡಿಯಾ ರೋಡನ್ ಅವರದು ಮತ್ತೂ ಬೇರೆ ದಾರಿ. ಕೈರೋದ ಯಹೂದಿ ಮನೆತನದಲ್ಲಿ 1936ರಲ್ಲಿ ಹುಟ್ಟಿದವರು. 1956ರ ಸುಯೆಜ್ ಯುದ್ಧದ ನಂತರ ಊರು ಬಿಡಬೇಕಾದ ಬಂಧುಬಳಗದವರಿಂದ ಅಡುಗೆಗಳನ್ನು ಕೇಳಿ ಕೇಳಿ ಬರೆದುಕೊಂಡರು. ಅದು 1968ರಲ್ಲಿ ‘ಎ ಬುಕ್ ಆಫ್ ಮಿಡ್ಲ್ ಈಸ್ಟರ್ನ್ ಫುಡ್’ ಆಯಿತು. ಇಲ್ಲಿ ದೂರ ದಾಟಿದ್ದು ಪ್ರವಾಸಿಗರಲ್ಲ, ಮರಳಲಾಗದವರು. ಯಾರ ಮನೆಯಲ್ಲಿ ಹೇಗೆ ಮಾಡುತ್ತಿದ್ದರು ಎಂಬ ವಿವರ ಅಲ್ಲಿ ಅಳತೆಯಷ್ಟೇ ಮುಖ್ಯ.

ಶುರು ಮಾಡುವವರು ರೋಡನ್ ಅವರ ಕಿತ್ತಳೆ ಕೇಕನ್ನೇ ಆರಿಸಿಕೊಳ್ಳಲಿ. ಎರಡು ಕಿತ್ತಳೆಗಳನ್ನು ಸಿಪ್ಪೆ ಸಮೇತ ಸುಮಾರು ಎರಡು ಗಂಟೆ ಬೇಯಿಸಿ, ಬೀಜ ತೆಗೆದು, ನುಣ್ಣಗೆ ರುಬ್ಬಿ, ಬಾದಾಮಿ ಪುಡಿ, ಸಕ್ಕರೆ, ಮೊಟ್ಟೆ, ಒಂದಿಷ್ಟು ಬೇಕಿಂಗ್ ಪೌಡರ್ ಜೊತೆ ಕಲಸುವುದು. ಮೈದಾ ಬೇಡವೇ ಬೇಡ. ಮೊದಲ ಸಲ ಪುಸ್ತಕದಲ್ಲಿ ಇದ್ದ ಹಾಗೆಯೇ ಮಾಡಿ. ಮುಂದಿನ ಸಲ ಕೊಡಗಿನ ಕಿತ್ತಳೆ ಹಾಕಿ ನೋಡಿ, ಏನು ಬದಲಾಯಿತೆಂದು ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿಡಿ.