ಇರುವೆಗೂಡಿನ ಮರಕುಟಿಗ

ಮರಕುಟಿಗ ಎಂದೊಡನೆ ನಾವು ಹೊಗಳುವುದು ಅದರ ಕೊಕ್ಕಿನ ಬಲವನ್ನು. ಗೂಡಿನ ಮಟ್ಟಿಗೆ ಅದರ ನಿಜವಾದ ಕಸುಬು ಜಾಗ ಆರಿಸುವುದರಲ್ಲಿದೆ ಎಂದು ನನಗನ್ನಿಸುತ್ತದೆ. ಹೆಚ್ಚಿನ ಜಾತಿಗಳು ಅಣಬೆ ತಗುಲಿ ತಿರುಳು ಮೆತ್ತಗಾದ ಮರವನ್ನೇ ಹುಡುಕಿ ಕೊರೆಯುತ್ತವೆ. ಒಳಗೆ ಹುಲ್ಲು ಹಾಸುವುದಿಲ್ಲ, ಉಳಿದ ಚಕ್ಕೆಗಳ ಮೇಲೆಯೇ ಬಿಳಿ ಮೊಟ್ಟೆ ಇಡುತ್ತವೆ. ಪಶ್ಚಿಮ ಘಟ್ಟದ ಕಾಡುಗಳಲ್ಲೂ ಕಾಣುವ ಕಂದು ಮರಕುಟಿಗವಂತೂ ಸಾಮಾನ್ಯವಾಗಿ ಮರದ ಗೊಡವೆಗೇ ಹೋಗುವುದಿಲ್ಲ. ಕ್ರೆಮಾಟೊಗ್ಯಾಸ್ಟರ್ ಇರುವೆಗಳು ನಾರನ್ನು ಅಗಿದು ಕೊಂಬೆಗೆ ಮೆತ್ತಿದ, ಒರಟು ರಟ್ಟಿನಂಥ ಕಪ್ಪು ಗೂಡನ್ನು ಅದು ಕೊರೆಯುತ್ತದೆ. ಇರುವೆಗಳು ಒಳಗೆ ವಾಸವಿರುವಾಗಲೇ ಅಲ್ಲಿ ಮೊಟ್ಟೆಯಿಟ್ಟು, ಗಂಡು ಹೆಣ್ಣೆರಡೂ ಕಾವು ಕೂರುತ್ತವೆ.

ಮೆತ್ತನೆಯ ಜಾಗ ಹುಡುಕುವುದು ಶ್ರಮ ತಪ್ಪಿಸುವ ಉಪಾಯವಷ್ಟೇ, ಅದರಲ್ಲಿ ಮೆಚ್ಚುವಂಥದ್ದೇನು ಎನ್ನಬಹುದು. ಆದರೆ ಇಲ್ಲಿ ಮೆತ್ತನೆಯ ಜಾಗವೇ ಕಚ್ಚುವ ಜಾಗ. ಮೇಲಾಗಿ ಹಕ್ಕಿಯ ಮುಖ್ಯ ಆಹಾರವೂ ಇರುವೆಯೇ. ಇದೆಲ್ಲ ಹುಟ್ಟುಗುಣ, ಕೌಶಲವಲ್ಲ ಎಂಬ ಆಕ್ಷೇಪ ಇನ್ನಷ್ಟು ಗಟ್ಟಿಯಾದದ್ದು. ಇರುವೆಗೂಡನ್ನು ಅರಸುವ ಒಲವು ಹುಟ್ಟಿನಿಂದ ಬಂದಿರಬಹುದು, ಒಪ್ಪೋಣ. ಆದರೂ ಪ್ರತಿ ಗೂಡಿನ ಗಾತ್ರ, ಎತ್ತರ, ಗಟ್ಟಿತನ ಬೇರೆ ಬೇರೆ. ಮರಿಗಳ ಭಾರ ತಾಳುವಷ್ಟು ಗೋಡೆ ಉಳಿಸಿ ಕೊರೆಯುವ ಕೆಲಸವನ್ನು ಹಕ್ಕಿ ಪ್ರತಿಸಲವೂ ಆ ಗೂಡಿಗೆ ತಕ್ಕಂತೆಯೇ ಮಾಡಬೇಕು. ಇದನ್ನು ನೋಡಬಯಸುವವರು ಬೇಸಿಗೆಯಲ್ಲಿ, ಕೊಂಬೆಯ ಮೇಲಿನ ಕಪ್ಪು ಉಂಡೆಗಳಲ್ಲಿ ದುಂಡನೆಯ ಬಾಯಿ ಇದೆಯೇ ಎಂದು ದೂರದಿಂದಲೇ, ದುರ್ಬೀನಿನಲ್ಲಿ ಹುಡುಕಲಿ. ಹತ್ತಿರ ಹೋದರೆ ಹಕ್ಕಿ ಗೂಡಿಗೆ ಬರಲು ಹಿಂಜರಿಯುತ್ತದೆ.