ಬೆರಳು ಸೋತವರ ದಾರಿಯಲ್ಲ

ಕೈ ಓಡದವನು ಸ್ಟೆಪ್ ಹಾಕುತ್ತಾನೆ ಎಂಬ ಮಾತು ಕೀಬೋರ್ಡ್ ನುಡಿಸುವವರ ನಡುವೆ ಗಟ್ಟಿಯಾಗಿ ಬೇರೂರಿದೆ. ಸೀಕ್ವೆನ್ಸರ್ ಓಡುತ್ತಿರುವಾಗಲೇ ತಾಳಕ್ಕೆ ನುಡಿಸಿ ರೆಕಾರ್ಡ್ ಮಾಡುವವನು ಕಲಾವಿದ. ಅದನ್ನು ನಿಲ್ಲಿಸಿಕೊಂಡು ಒಂದು ಸ್ವರ ಒತ್ತಿ, ಅದರ ಅಳತೆ ಕೊಟ್ಟು, ಮುಂದಿನ ಸ್ವರಕ್ಕೆ ಸರಿಯುವವನು ಗುಮಾಸ್ತ. ಹಾಗೆ ತುಂಬಿಸಿದ ಸಂಗೀತಕ್ಕೆ ಜೀವ ಇರುವುದಿಲ್ಲವಂತೆ. ಹೀಗೆನ್ನುವವರಲ್ಲಿ ಅನೇಕರು ತಾವು ನುಡಿಸಿ ಮುಗಿಸಿದ ಕೂಡಲೇ ಏನು ಮಾಡುತ್ತಾರೆಂದು ಗಮನಿಸಿ. ಕ್ವಾಂಟೈಜ್ ಒತ್ತುತ್ತಾರೆ.

ಒಂದು ಬೀಟನ್ನು 96 ಟಿಕ್‌ಗಳಾಗಿ ಒಡೆಯುವ ಸೀಕ್ವೆನ್ಸರ್ ಎಂದಿಟ್ಟುಕೊಳ್ಳೋಣ. ಕಾಲು ಬೀಟಿನ ಸ್ವರಕ್ಕೆ 24 ಟಿಕ್. ನುಡಿಸಿದ ಕೈ ಒಮ್ಮೆ ಐದು ಟಿಕ್ ಮುಂದೆ ಬಿದ್ದಿರುತ್ತದೆ, ಇನ್ನೊಮ್ಮೆ ಮೂರು ಟಿಕ್ ಹಿಂದೆ ಉಳಿದಿರುತ್ತದೆ. ಪೂರ್ತಿ ಕ್ವಾಂಟೈಜ್ ಎಲ್ಲವನ್ನೂ ಎಳೆದು ತಂದು ಗೆರೆಯ ಮೇಲೆ ನಿಲ್ಲಿಸುತ್ತದೆ. ಸ್ಟೆಪ್ ಹಾಕಿದವನು ನಿಂತಿರುವುದೂ ಅದೇ ಗೆರೆಯ ಮೇಲೆ. ಆದರೆ ಆ ಗೆರೆ ಎಲ್ಲಿರಬೇಕೆಂದು ಅವನು ಮೊದಲೇ ಯೋಚಿಸಿದ್ದಾನೆ. ತಿಶ್ರ ನಡೆ ಬೇಕೆನಿಸಿದ ಕಡೆ 24 ಬಿಟ್ಟು 32 ಕೊಟ್ಟಿದ್ದಾನೆ. ಕ್ವಾಂಟೈಜ್ ಮಾಡಿದ ಮೇಲೂ ಬೆರಳಿನ ಒತ್ತು ಹಾಗೇ ಉಳಿಯುತ್ತದಲ್ಲ ಎನ್ನಬಹುದು. ಉಳಿಯುತ್ತದೆ. ಎಷ್ಟೋ ಕೀಬೋರ್ಡುಗಳು ಸ್ಟೆಪ್ ಹಾಕುವಾಗಲೂ ಕೀಯನ್ನು ಎಷ್ಟು ಜೋರಾಗಿ ಒತ್ತಿದಿರಿ ಎಂಬುದನ್ನು ದಾಖಲಿಸಿಕೊಳ್ಳುತ್ತವೆ.

ರೋಲಾಂಡ್ ಕಂಪನಿ 1977ರಲ್ಲಿ ತಂದ ಎಂಸಿ-8 ಮೈಕ್ರೋಕಂಪೋಸರಿನಲ್ಲಿ ಪಿಯಾನೊ ಕೀಗಳೇ ಇರಲಿಲ್ಲ, ಅಂಕಿಗಳ ಕೀಪ್ಯಾಡ್ ಇತ್ತು. ಸ್ವರಸ್ಥಾನಕ್ಕೆ ಒಂದು ಸಂಖ್ಯೆ. ಮುಂದಿನ ಸ್ವರ ಎಷ್ಟು ಹೊತ್ತಿನ ಮೇಲೆ ಬರಬೇಕೆಂಬ ಸ್ಟೆಪ್ ಟೈಮ್‌ಗೆ ಇನ್ನೊಂದು. ಆ ಹೊತ್ತಿನಲ್ಲಿ ಸ್ವರ ಎಷ್ಟರವರೆಗೆ ಮೊಳಗಬೇಕೆಂಬ ಗೇಟ್ ಟೈಮ್‌ಗೆ ಮತ್ತೊಂದು. 1978ರಲ್ಲಿ ಬಂದ ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾದ ಮೊದಲ ಆಲ್ಬಮ್‌ಗಾಗಿ ಹಿಡೆಕಿ ಮಾತ್ಸುತಾಕೆ ಹೀಗೆ ಅಂಕಿ ತುಂಬಿಸುತ್ತ ಕೂತರು. ಆ ತಂಡದ ಕೀಬೋರ್ಡ್ ವಾದಕ ರ‍್ಯೂಯಿಚಿ ಸಕಾಮೊಟೊ ಶಾಸ್ತ್ರೀಯವಾಗಿ ಪಿಯಾನೊ ಕಲಿತವರು. ಅವರ ಬೆರಳಿಗೆ ಏನು ಕೊರತೆಯಿತ್ತು?

ಗೇಟ್ ಟೈಮ್ ಬಗ್ಗೆ ಇಷ್ಟು ಹೇಳಲೇಬೇಕು. 24 ಟಿಕ್‌ನ ಸ್ಟೆಪ್ಪಿಗೆ 12ರ ಗೇಟ್ ಕೊಟ್ಟರೆ ಸ್ವರ ಕುಪ್ಪಳಿಸುತ್ತದೆ, 24 ಕೊಟ್ಟರೆ ಪಕ್ಕದ ಸ್ವರಕ್ಕೆ ತಾಗಿಕೊಳ್ಳುತ್ತದೆ. ಒಂದೇ ನಾಲ್ಕು ಸ್ವರ ಕೇವಲ ಇದರಿಂದ ನಗಬಲ್ಲದು, ಗೊಣಗಬಲ್ಲದು. ಸ್ಟೆಪ್ ಸಂಗೀತ ಸತ್ತಂತಿರುತ್ತದೆ ಎಂದು ದೂರುವವರು ಕೇಳಿರುವುದು ಬಹುಮಟ್ಟಿಗೆ ಗೇಟನ್ನೂ ಒತ್ತನ್ನೂ ಕಾರ್ಖಾನೆ ಇಟ್ಟುಕಳಿಸಿದ ಅಳತೆಯಲ್ಲೇ ಬಿಟ್ಟವರ ಕೆಲಸವನ್ನು. ಅದು ಸೋಮಾರಿತನ, ವಿಧಾನದ ತಪ್ಪಲ್ಲ.

ಇದಕ್ಕಿಂತ ಕುತೂಹಲದ್ದು ಟಿಬಿ-303. ಗಿಟಾರ್ ನುಡಿಸುವವರಿಗೆ ಬಾಸ್ ಜೊತೆಗಾರನ ಬದಲಿಯಾಗಲೆಂದು 1980ರ ದಶಕದ ಆರಂಭದಲ್ಲಿ ರೋಲಾಂಡ್ ಮಾಡಿದ ಈ ಪುಟ್ಟ ಪೆಟ್ಟಿಗೆ ವ್ಯಾಪಾರದಲ್ಲಿ ಸೋತಿತು. 1984ಕ್ಕೆ ತಯಾರಿಕೆ ನಿಂತಿತು. ಇದರಲ್ಲಿ ಸ್ವರಗಳನ್ನು ಮೊದಲು ಸಾಲಾಗಿ ಒತ್ತಬೇಕು, ಕಾಲದ ಮಾತೇ ಇಲ್ಲ. ಆಮೇಲೆ ಬೇರೆ ಮೋಡ್‌ಗೆ ಹೋಗಿ 16 ಸ್ಟೆಪ್‌ಗಳಲ್ಲಿ ಯಾವುದು ಸ್ವರ, ಯಾವುದು ಟೈ, ಯಾವುದು ಮೌನ ಎಂದು ತುಂಬಬೇಕು. ಟೈ ಎಂದರೆ ನಮ್ಮ ಪಾಠಪುಸ್ತಕದಲ್ಲಿ ಸ್ವರದ ಮುಂದೆ ಅಲ್ಪವಿರಾಮ ಹಾಕಿ ತೋರಿಸುವ ಕಾರ್ವೆಯೇ. ಎರಡನೆಯ ಸುತ್ತಿನಲ್ಲಿ ಒಂದು ಮೌನ ಹೆಚ್ಚಾದರೆ ಅಲ್ಲಿಂದ ಮುಂದಿನ ಸ್ವರಗಳೆಲ್ಲ ಬೇರೆ ಜಾಗಕ್ಕೆ ಜಾರುತ್ತವೆ, ಯಾರೂ ಊಹಿಸದ ಒಂದು ಸಾಲು ಹುಟ್ಟುತ್ತದೆ. ಮೇಲೆ ಸ್ಲೈಡ್ ಕೊಟ್ಟರೆ ಸ್ವರ ಬಿಡದೆ ಮುಂದಿನದಕ್ಕೆ ಜಾರುತ್ತದೆ. ಆ ಜಾರಿಕೆಗೆ ಹಿಡಿಯುವ ಹೊತ್ತು ಒಂದೇ, ಅಂತರ ಅರ್ಧ ಸ್ವರವಿರಲಿ, ಒಂದು ಸ್ಥಾಯಿಯಿರಲಿ. ಆಕ್ಸೆಂಟ್ ಸ್ವರವನ್ನು ಜೋರು ಮಾಡುವುದಷ್ಟೇ ಅಲ್ಲ, ಫಿಲ್ಟರನ್ನೂ ತೆರೆಯುತ್ತದೆ. ಅಭ್ಯಾಸದ ದಾರಿಯಲ್ಲೇ ಓಡುವ ಬೆರಳು ಇಂಥ ಸಾಲನ್ನು ತಾನಾಗಿ ಹುಡುಕಿಕೊಳ್ಳುವುದು ಅಪರೂಪ.

ಫ್ಯೂಚರ್ ಎಂಬ ಶಿಕಾಗೊ ತಂಡ ಇದೇ ಪೆಟ್ಟಿಗೆಯಿಂದ ಮಾಡಿದ, ಆಸಿಡ್ ಹೌಸ್ ಎಂಬ ಬಗೆಯ ನೃತ್ಯಸಂಗೀತದ ‘ಆಸಿಡ್ ಟ್ರ್ಯಾಕ್ಸ್’ 1987ರಲ್ಲಿ ಹೊರಬಂತು. ಪ್ಯಾಟರ್ನ್ ತನ್ನಷ್ಟಕ್ಕೆ ಸುತ್ತುತ್ತಿದ್ದರೆ ಕೈ ಫಿಲ್ಟರಿನ ಗುಂಡಿಗಳ ಮೇಲಿತ್ತು. ಅದರಲ್ಲಿ ಕೈಯೇ ಇಲ್ಲ ಎಂದು ಹೇಗೆ ಹೇಳುವುದು? ಸ್ವರ ಒತ್ತುವ ಕೆಲಸದಿಂದ ಬಿಡುವು ಸಿಕ್ಕಿದ್ದರಿಂದ ಅದು ನಾದ ತಿದ್ದಲು ಹೋಯಿತು.

ಎಲ್ಲಕ್ಕೂ ಸ್ಟೆಪ್ಪೇ ಮದ್ದೆನ್ನುವಷ್ಟು ಹುಂಬನಲ್ಲ ನಾನು. ತೋಡಿಯ ಗಾಂಧಾರವನ್ನು ಸ್ಟೆಪ್ ಹಾಕಲು ಹೊರಟವನನ್ನು ಕಂಡರೆ ನನಗೂ ನಗು ಬರುತ್ತದೆ. ಲೆಕ್ಕದ ಗೆರೆಯೇ ಇಲ್ಲದ ಆಲಾಪನೆಗೆ ಇದರಿಂದ ಏನೂ ಆಗಬೇಕಾದ್ದಿಲ್ಲ. ಆದರೆ ಬೆಂಡ್ ಚಕ್ರ ಮುಟ್ಟದೆ ಬರಿ ಕೀಗಳ ಮೇಲೆ ನೇರವಾಗಿ ನುಡಿಸಿದರೂ ಆ ಗಾಂಧಾರ ಬರುವುದಿಲ್ಲ. ಅದು ಕೀಗಳ ಮಿತಿ. ಸ್ಟೆಪ್ ಮೋಡಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಮುಂಬೈಯ ಹಿಂದಿ ಚಿತ್ರಗೀತೆಗಳ ರೆಕಾರ್ಡಿಂಗಿನಲ್ಲಿ ದುಡಿಯುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ಬೀಟಿಗೆ ಕೂರಿಸಿದರು: ತಾಳಕ್ಕೆ ಟಿಆರ್-808, ಬಾಸಿಗೆ ಟಿಬಿ-303, ರಾಗಕ್ಕೆ ಜೂಪಿಟರ್-8. ತಾಳವೂ ಬಾಸೂ ಸ್ಟೆಪ್ ಹಾಕಿದ್ದು, ರಾಗ ಬೆರಳಿನದು. ಭೈರವ್, ಲಲಿತ್‌ಗಳಲ್ಲಿ ಬಾಸ್ ಒಂದೇ ಅಳತೆಯಲ್ಲಿ ಪಟ್ಟುಹಿಡಿದು ಸುತ್ತುವುದರಿಂದಲೇ ಮೇಲಿನ ಕೈಗೆ ಹಿಂಜರಿಯಲು, ನುಗ್ಗಲು, ಜಾರಲು ಜಾಗ ಸಿಕ್ಕಿದೆ. ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಮರುಬಿಡುಗಡೆಯಾದಾಗ ಶಿಕಾಗೊದವರಿಗಿಂತ ಐದು ವರ್ಷ ಮೊದಲೇ ಆಸಿಡ್ ಹೌಸ್ ಮಾಡಿದ ಭಾರತೀಯ ಎಂದು ಹೊರದೇಶಗಳಲ್ಲಿ ಅವರನ್ನು ಮೆರೆಸಿದರು. ಯಾರು ಮೊದಲು ಎಂಬ ಪಂದ್ಯ ನನಗೆ ಅಷ್ಟೇನೂ ರುಚಿಸುವುದಿಲ್ಲ. ಯಾವುದನ್ನು ಪೆಟ್ಟಿಗೆಗೆ ಬರೆದುಕೊಟ್ಟು ಯಾವುದನ್ನು ತಮ್ಮ ಬೆರಳಿಗೆ ಉಳಿಸಿಕೊಂಡರು ಎಂಬುದರಲ್ಲಿದೆ ಆ ಮನುಷ್ಯನ ಜಾಣ್ಮೆ. ಅದರ ಚರ್ಚೆ ಹೊಗಳಿದವರಲ್ಲೂ ನನಗೆ ಸಿಕ್ಕಿದ್ದು ಕಡಿಮೆ.