ಪೊರಕೆ ಕೆಳಗಿಟ್ಟ ಮೇಲೆ

ಫೋಟೋಗ್ರಾಫರನಿಗೆ ‘ಸ್ವಂತ ಶೈಲಿ’ ಬೇಕು ಅಂತ ನಮ್ಮ ಕಲಾವಿಮರ್ಶಕರು ಹೇಳ್ತಲೇ ಇರ್ತಾರೆ. ಬೆಳಕು, ಕೋನ, ಚೌಕಟ್ಟು. ಮಾತು ಅಲ್ಲಿಗೇ ನಿಲ್ಲುತ್ತದೆ. ಯಾರು ಯಾರನ್ನು ನೋಡುತ್ತಿದ್ದಾರೆ ಎಂಬ ಪ್ರಶ್ನೆ ಏಳುವುದೇ ಇಲ್ಲ.

ಕಪ್ಪು ಅಮೆರಿಕನ್ ಛಾಯಾಗ್ರಾಹಕ ಗಾರ್ಡನ್ ಪಾರ್ಕ್ಸ್ 1942ರಲ್ಲಿ ವಾಷಿಂಗ್ಟನ್ನಿಗೆ ಬಂದಾಗ ಅಲ್ಲಿನ ಹೋಟೆಲು, ಅಂಗಡಿಯವರು ಆತನನ್ನು ಗಿರಾಕಿಯಾಗಿ ಒಪ್ಪಿಕೊಳ್ಳಲಿಲ್ಲ. ಸರ್ಕಾರಿ ಕಚೇರಿಯ ಕಸ ಗುಡಿಸುತ್ತಿದ್ದ ಎಲಾ ವಾಟ್ಸನ್‌ಳನ್ನು ಆತ ರಾಷ್ಟ್ರಧ್ವಜದ ಮುಂದೆ ನಿಲ್ಲಿಸಿದ. ಗ್ರಾಂಟ್ ವುಡ್‌ನ 1930ರ ‘ಅಮೆರಿಕನ್ ಗಾಥಿಕ್’ ಕಲಾಕೃತಿಯಲ್ಲಿ ಬಿಳಿಯನ ಕೈಯಲ್ಲಿದ್ದದ್ದು ಹುಲ್ಲೆತ್ತುವ ಕವೆಗೋಲು, ಇಲ್ಲಿ ಪೊರಕೆ.

ಪ್ರಸಿದ್ಧವಾದದ್ದು ಈ ಚಿತ್ರವೇ. ನಮ್ಮ ಬಂಡಾಯದ ಮೊದಲ ಪದ್ಯಗಳ ಹಾಗೆ ಇದೊಂದು ಘೋಷಣೆ, ಬೇಕಾಗಿದ್ದ ಘೋಷಣೆಯೇ. ನನಗೆ ಪಾರ್ಕ್ಸನ ಶೈಲಿ ಕಾಣುವುದು ಮಾತ್ರ ಆಮೇಲೆ. ಆತ ವಾರಗಟ್ಟಲೆ ಆಕೆಯ ಜೊತೆ ನಡೆದ: ಮನೆ, ಮೊಮ್ಮಕ್ಕಳು, ಚರ್ಚು. ಪೊರಕೆ ಕೆಳಗಿಟ್ಟ ಮೇಲೂ ಎಲಾ ಚಿತ್ರದೊಳಗೆ ಉಳಿದಳು.

ನಮ್ಮಲ್ಲಿ? ಪೌರಕಾರ್ಮಿಕರ ಫೋಟೋ ಅಂದ್ರೆ ಮ್ಯಾನ್‌ಹೋಲು. 1993ರಲ್ಲೊಂದು, 2013ರಲ್ಲೊಂದು ಕಾನೂನು ಬಂದರೂ ಸಾವು ನಿಂತಿಲ್ಲ; ಹಾಗಾಗಿ ಆ ಚಿತ್ರ ಬೇಡ ಅನ್ನಲಾರೆ. ಆದರೆ ಗುಂಡಿಯಿಂದ ಮೇಲೆ ಬಂದವನು ಸ್ನಾನ ಮಾಡಿ, ಮಗಳ ಪಕ್ಕ ಕೂತು ಮಗ್ಗಿ ಒಪ್ಪಿಸಿಕೊಳ್ಳುವುದನ್ನು ತೆಗೆದವರು ಎಷ್ಟು ಮಂದಿ?

ನನ್ನ ತರಗತಿಯ ಹುಡುಗರ ಕೈಲಿ ಈಗ ಮೊಬೈಲ್ ಇದೆ. ಕೇರಿಯ ಮದುವೆ, ತಮಟೆ, ಅವ್ವನ ನಗು ತೆಗೀತಾರೆ. ‘ಇದೂ ಕಲೆನಾ ಸಾರ್?’ ಅಂತ ಕೇಳ್ತಾರೆ. ಕಸ ಬಳಿಯುವ ಅವ್ವನ ಚಿತ್ರಕ್ಕೆ ಬಹುಮಾನ ಕೊಟ್ಟವರೇ ಆ ನಗುವನ್ನು ಮನೆಯ ಆಲ್ಬಮ್ಮಿಗೆ ತಳ್ಳಿದ್ದಾರೆ.